ನಾಯಿ ಸಂತನಿಗೆ ಒಂದು ಹಿಡಿ ಉಪ್ಪು

ಮೊನ್ನೆ ಸರಟೋಗಾದಲ್ಲಿ ಗೆಳತಿಯ ಮಗನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಗೇಟಿನಿಂದ ಬಾಗಿಲವರೆಗೂ ರೋಸ್‌ಮೇರಿ ಬೇಲಿ. ದುಪಟ್ಟಾ ತಾಗಿದ್ದೇ ತಡ, ಆ ಘಾಟು ವಾಸನೆ ಎದ್ದಿತು... ಮಗಳು ಒಳಗೆ ಓಡಿದಳು. ನಾನು ಪಾಯಸದ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸನ್ನಿವೇಲಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆ ಮೇಷ್ಟ್ರ ಬಾಗಿಲಲ್ಲೂ ಕುಂಡದಲ್ಲಿ ಇಂಥದೇ ಗಿಡವಿತ್ತು.

ಅವರು ಮಂಗಳೂರು ಕಡೆಯ ಕ್ರೈಸ್ತರು. ಪಾದ್ರಿಯಾಗಲು ಓದಲು ಹೋಗಿ, ಅರ್ಧಕ್ಕೆ ಬಿಟ್ಟು, ಈ ದೇಶಕ್ಕೆ ಬಂದು ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಾನು ಮಂಡ್ಯದವಳು, ಅವರ ಕನ್ನಡ ನನಗೆ ತಮಾಷೆ, ನನ್ನದು ಅವರಿಗೆ. ನಾಲ್ಕು ವರ್ಷದ ಮಗಳನ್ನು ಡೇಕೇರಿನಿಂದ ನಡೆಸಿಕೊಂಡು ಬಂದು, ನಾನು ಆಫೀಸಿನಿಂದ ಬರುವವರೆಗೆ ನೋಡಿಕೊಳ್ಳುತ್ತಿದ್ದರು. ಅವಳಿಗೆ ಬಿಸ್ಕತ್ತು, ಅವರಿಗೆ ಕಾಫಿ, ಇಬ್ಬರಿಗೂ ಒಂದೇ ತಟ್ಟೆ.

ಅವರ ಗೋಡೆಯ ಮೇಲೆ ಏಸುವಿನ ಪಕ್ಕದಲ್ಲೇ ಒಂದು ನಾಯಿಯ ಚಿತ್ರವಿತ್ತು. ತಲೆಯ ಸುತ್ತ ಪ್ರಭಾವಳಿ ಬೇರೆ. ನಗು ತಡೆಯಲಾರದೆ ಕೇಳಿದೆ. ಸಂತ ಗಿನ್‌ಫೋರ್ ಎಂದರು. ಏಳೆಂಟು ನೂರು ವರ್ಷಗಳ ಹಿಂದಿನ ಫ್ರಾನ್ಸಿನ ಕಥೆ. ತೊಟ್ಟಿಲ ಕೂಸನ್ನು ಬಿಟ್ಟು ಮನೆಯವರು ಹೊರಗೆ ಹೋದಾಗ ಹಾವು ಬಂತಂತೆ. ಮನೆಯ ನಾಯಿ ಅದನ್ನು ಕಚ್ಚಿ ಕೊಂದಿತಂತೆ. ಮರಳಿ ಬಂದ ಯಜಮಾನ ಅದರ ಬಾಯಲ್ಲಿ ರಕ್ತ ನೋಡಿ...

ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ಇದು ನಮ್ಮ ಮುಂಗುಸಿ ಕಥೆಯಲ್ಲವೇ ಎಂದು ಉಳಿದದ್ದನ್ನು ನಾನೇ ಹೇಳಿ ಮುಗಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನೂ ಸೇರಿಸಿದೆ, ತರಗತಿಯಲ್ಲಿ ಮೊದಲು ಕೈಯೆತ್ತುವ ಹುಡುಗಿಯ ಹಾಗೆ. ಅವರಿಗೆ ಬಲು ಸಂತೋಷವಾಯಿತು. ಆದರೆ ನಮ್ಮ ಕಥೆ ಅಲ್ಲಿಗೆ ಮುಗಿಯುತ್ತದೆ, ಅವರದು ಮುಗಿಯುವುದಿಲ್ಲ. ನಾಯಿಯನ್ನು ಹೂತ ಜಾಗಕ್ಕೆ ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರಂತೆ. ಪಾದ್ರಿಯೊಬ್ಬ ಮೂಳೆಗಳನ್ನು ಅಗೆಸಿ ಸುಡಿಸಿದ, ಸುತ್ತಲಿನ ಮರಗಳ ತೋಪನ್ನು ಕಡಿಸಿದ. ಜನ ಬರುವುದು ಮಾತ್ರ ನೂರಾರು ವರ್ಷ ನಿಲ್ಲಲಿಲ್ಲವಂತೆ.

"ಇಗರ್ಜಿಗೆ ಬೇಡದ ಸಂತ ಇವ, ನನ್ನ ಹಾಗೆ. ಆದ್ರೆ ಮಕ್ಕಳಿಗೆ ಆಗ್ತಾನೆ," ಎಂದರು ಮೇಷ್ಟ್ರು. ಚರ್ಚಿಗೆ ಅವರ ಮಾತಿನಲ್ಲಿ ಇಗರ್ಜಿ.

ಆ ವರ್ಷ ಆಗಸ್ಟಿನಲ್ಲಿ ಕಾಡಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ ತುಂಬಿಕೊಂಡಿತು. ಮಗಳಿಗೆ ಉಬ್ಬಸ ಹಿಡಿಯಿತು. ಎರಡು ಸಲ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಅತ್ತೆ ಮಂಡ್ಯದಿಂದ ಬಂದಿದ್ದರು. ಒಂದು ಬೆಳಿಗ್ಗೆ ಅವರು ನನ್ನ ಕೈಹಿಡಿದು ಮೇಷ್ಟ್ರ ಬಾಗಿಲ ಬಳಿಗೆ ಕರೆದೊಯ್ದರು. ರೋಸ್‌ಮೇರಿಯ ಕೊಂಬೆಗೆ ಮಗಳ ಹಳದಿ ಸಾಕ್ಸು ಕಟ್ಟಿತ್ತು. ಬುಡದಲ್ಲಿ ಒಂದು ಹಿಡಿ ಕಲ್ಲುಪ್ಪು.

"ಮಗೀನ ಬಟ್ಟೆ, ಬುಡಕ್ಕೆ ಉಪ್ಪು. ಇದು ಮಾಟ ಅಲ್ದೆ ಇನ್ನೇನವ್ವ?" ಎಂದರು ಅತ್ತೆ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೂರು ಸಲ ನೋಡದೆ ಒಂದು ರಿಪೋರ್ಟಿಗೂ ಸಹಿ ಹಾಕುವವಳಲ್ಲ. ಅವತ್ತು ಓದಿದ್ದೆಲ್ಲ ಎಲ್ಲಿ ಹೋಯಿತೋ... ಎರಡು ರಾತ್ರಿ ಮಗುವಿನ ಎದೆಯ ಸುಯ್ ಸುಯ್ ಸದ್ದು ಕೇಳಿ ನಿದ್ದೆಗೆಟ್ಟಿದ್ದೆ. ಕತ್ತರಿ ತಂದು ಸಾಕ್ಸನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಉಪ್ಪಿನ ಮೇಲೆ ಬಕೆಟ್ಟು ನೀರು ಸುರಿದೆ. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ತಟ್ಟಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅತ್ತೆ ಮನೆಯಲ್ಲೇ ಇದ್ದಾರೆ, ಇನ್ನು ತೊಂದರೆ ತೆಗೆದುಕೊಳ್ಳಬೇಡಿ ಎಂದು ಮೆಸೇಜು ಕಳಿಸಿದೆ. ಹೊಗೆ ಕರಗಿತು, ಮಗಳು ಚೇತರಿಸಿಕೊಂಡಳು. ಮಾಟ ತೆಗೆದದ್ದಕ್ಕೇ ಗುಣವಾಯಿತು ಎಂದು ಅತ್ತೆ ಬೀಗಿದರು. ನಾನೂ ಒಳಗೊಳಗೇ ನಂಬಿದೆ, ನಾಚಿಕೆಗೇಡು. ಹತ್ತು ದಿನ ಬಿಟ್ಟು ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು.

"ಪಾಪು ಹುಷಾರುಂಟಾ?"

"ಹೂಂ."

"ಹಾಗಾದ್ರೆ ಸಾಕು ಮಾರಾಯ್ತಿ."

ಬಾಗಿಲು ಹಾಕಿಕೊಂಡೆ. ಏನು ತಪ್ಪಾಯಿತೆಂದು ಅವರು ಒಮ್ಮೆಯೂ ಕೇಳಲಿಲ್ಲ. ಆಮೇಲೆ ಮೂರು ವರ್ಷ, ಅಂಚೆಪೆಟ್ಟಿಗೆಯ ಹತ್ತಿರ ಎದುರಾದರೆ ತಲೆಯಾಡಿಸುವುದು, ಅಷ್ಟೇ.

ಒಂದು ಚಳಿಗಾಲದಲ್ಲಿ ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ಮನೆ ಖಾಲಿ ಮಾಡಲು ಡಬ್ಲಿನ್‌ನಿಂದ ಅವರ ಅಕ್ಕನ ಮಗಳು ಬಂದಳು. ಪೆಟ್ಟಿಗೆ ಹೊರಲು ಕೈಜೋಡಿಸಲು ಹೋದೆ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಬಟ್ಟಲು ಉಪ್ಪು, ಪಕ್ಕದಲ್ಲಿ ಪುಟ್ಟ ಹಳದಿ ಸಾಕ್ಸು... ನಾನು ಎಸೆದದ್ದರ ಜೋಡಿ. ಕೇಳದೆಯೇ ಅವಳು ಹೇಳಿದಳು. ಆ ನಾಯಿ ಸಂತನ ತೋಪಿನಲ್ಲಿ ತಾಯಂದಿರು ಹಾಗೆ ಮಾಡುತ್ತಿದ್ದರಂತೆ, ಕಾಯಿಲೆಯ ಮಗುವಿನ ಬಟ್ಟೆಯನ್ನು ಗಿಡಕ್ಕೆ ಕಟ್ಟಿ ಉಪ್ಪು ಅರ್ಪಿಸುವುದು. ಮಾಮ ಯಾವುದೋ ಮಗುವಿಗೆ ಹರಕೆ ಹೊತ್ತಿದ್ದರಂತೆ. ಮಗುವಿಗೆ ಹತ್ತು ತುಂಬುವವರೆಗೆ ಪ್ರತಿ ಆಗಸ್ಟಿನಲ್ಲೂ ತೀರಿಸಬೇಕೆಂದು ಹೇಳುತ್ತಿದ್ದರಂತೆ.

"ಇದು ಯಾರ ಮಗುವಿನದ್ದು ಅಂತ ನಿಮಗೆ ಗೊತ್ತುಂಟಾ? ಮಾಮ ಹೋದ್ರು ಅಂತ ಅವರಿಗೆ ಹೇಳ್ಬೇಕಿತ್ತು," ಎಂದಳು.

ಗೊತ್ತಿಲ್ಲ ಎಂದೆ.

ಅವಳು ಸಾಕ್ಸನ್ನು ಕಸದ ಚೀಲಕ್ಕೆ ಹಾಕಿದಳು. ನಾನು ನೋಡುತ್ತ ನಿಂತಿದ್ದೆ. ನಾಲಿಗೆ ಯಾಕೆ ಹಾಗೆ ಹೊರಳಿತೋ, ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗಿಲ್ಲ.

ಮಗಳಿಗೀಗ ಹನ್ನೆರಡು. ಮೊನ್ನೆ ಸರಟೋಗಾದಿಂದ ಮರಳುವಾಗ ಕಾರಿನಲ್ಲಿ ಕೇಳಿದೆ, ಹಳೇ ಮನೆಯ ಪಕ್ಕದ ಮೇಷ್ಟ್ರು ನೆನಪಿದ್ದಾರಾ ಎಂದು. ಫೋನಿನಿಂದ ತಲೆಯೆತ್ತಿ ಸ್ವಲ್ಪ ಯೋಚಿಸಿದಳು. "ನಾಟ್ ರಿಯಲೀ, ಅಮ್ಮ," ಎಂದಳು.

ಆಗ ಸಂಜೆಯಾದರೆ ಆ ಬಾಗಿಲು ತಟ್ಟಬೇಕೆಂದು ತಿಂಗಳುಗಟ್ಟಲೆ ಹಠ ಹಿಡಿದು ಅತ್ತವಳು. ಅವರನ್ನು ಮರೆಯಲಿ ಎಂದು ಒಂದೊಂದು ಸಂಜೆಯೂ ಒಂದೊಂದು ಆಟದ ಆಸೆ ತೋರಿಸಿ ಎಳೆದುಕೊಂಡು ಹೋಗುತ್ತಿದ್ದವಳು ನಾನೇ. ಈಗ ಮರೆತಿದ್ದಾಳೆ. ನಾನು ಬಯಸಿದ್ದೂ ಅದನ್ನೇ.