ಎರಡು ತಲೆಯ ಗುಡ್ಡದ ಹಿಂದೆ

ಹೊಸದುರ್ಗದಲ್ಲಿ ನಸುಕಿನಲ್ಲೇ ನಡೆಯಲು ಹೊರಡುವವರು ಎರಡು ಬಗೆ. ಸಕ್ಕರೆ ಕಾಯಿಲೆಯವರು, ಇಲ್ಲವೇ ಕೆಲಸ ಇರುವವರು. ನಾನು ಎರಡಕ್ಕೂ ಸೇರದವನಾದ್ದರಿಂದ ಅಕ್ಕನ ಬೀದಿಯಲ್ಲಿ ಮೊದಲ ವಾರವೇ ಜನರ ಅನುಮಾನಕ್ಕೆ ಗುರಿಯಾದೆ. ನಾನು ಪಾಠ ಮಾಡುವ ಕಾಲೇಜಿಗೆ ಬೇಸಿಗೆ ರಜೆ. ಅಕ್ಕನ ಮನೆಯಲ್ಲಿ ಉಳಿದಿದ್ದೆ. ಒಂದು ಕಡೆ ಕೂತರೆ ಕಾಲು ತಾನಾಗಿ ಅಲ್ಲಾಡಲು ಶುರುವಾಗುವ ಜಾಯಮಾನ ನನ್ನದು. ಅಕ್ಕ ಎರಡನೇ ದಿನವೇ, "ಹೊರಗೆ ಎಲ್ಲಾದ್ರೂ ಹೋಗಿ ಬಾರಲೇ, ಮಂಚ ಕಿರುಗುಟ್ತೈತೆ" ಎಂದು ಗದರಿದ್ದಳು.

ಹೀಗೆ, ಓದಿಗೆಂದು ಎಂದೋ ಬಿಟ್ಟುಹೋಗಿದ್ದ ಊರನ್ನು ಕಾಲಲ್ಲಿ ಹೊಸದಾಗಿ ತಿಳಿಯತೊಡಗಿದೆ. ಬಸ್ ನಿಲ್ದಾಣದ ಹಿಂದಿನ ಓಣಿಗಳು, ಸಂತೆ ಇಲ್ಲದ ದಿನ ನಾಯಿಗಳು ಮಲಗುವ ಸಂತೆ ಮೈದಾನ, ಕೊಬ್ಬರಿ ವಾಸನೆ ಗೋಡೆಗೇ ಹತ್ತಿರುವ ಮಂಡಿಗಳು. ಒಂದು ಬೆಳಿಗ್ಗೆ ಗಾಳಿಯಂತ್ರದ ಒಂದೇ ಒಂದು ರೆಕ್ಕೆಯನ್ನು ಹೊತ್ತ ಭಾರೀ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹಾಲಿನವನು, ಪೇಪರಿನವನು, ಹಲ್ಲುಜ್ಜುತ್ತಿದ್ದವರು ಎಲ್ಲ ಸೇರಿ ಡ್ರೈವರನಿಗೆ ನಾಲ್ಕು ದಿಕ್ಕಿನ ಸಲಹೆ ಕೊಡುತ್ತಿದ್ದರು. ಒಂದು ಗಂಟೆ ನಿಂತು ನಾನೂ ಒಂದು ಸಲಹೆ ಕೊಟ್ಟೆ. ಯಾರೂ ಕೇಳಲಿಲ್ಲ.

ಆದರೆ ನಾನು ಸುತ್ತುತ್ತಿದ್ದುದು ಬರೀ ಕಾಲಿನ ಚಡಪಡಿಕೆಗಲ್ಲ. ನನ್ನ ಅಜ್ಜನದೆಂದು ನನ್ನಲ್ಲಿ ಉಳಿದಿರುವುದು ಒಂದೇ ಒಂದು ನೆನಪು. ಅಜ್ಜ ಮಾಡದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ. ಅಪ್ಪನಿಗೆ ಹೊಸದುರ್ಗದಲ್ಲಿ ನೌಕರಿ ಸಿಕ್ಕಿ, ಅವ್ವ ಮತ್ತು ಅಕ್ಕ ಅಲ್ಲಿಗೆ ಹೋದ ಮೇಲೂ ನಾನು ಕೆಲವು ಕಾಲ ಅಜ್ಜನ ಬಳಿಯೇ ಇದ್ದೆ. ಶಾಲೆಗೆ ಸೇರಿಸುವ ವಯಸ್ಸಾಯಿತೆಂದು ಒಂದು ಬೇಸಿಗೆಯಲ್ಲಿ ಅಜ್ಜ ನನ್ನನ್ನು ಹೊಸದುರ್ಗಕ್ಕೆ ನಡೆಸಿಕೊಂಡೇ ಕರೆತಂದ. ಮುಂದೆ ಕುರಿಗಳ ಬೆನ್ನು, ಅವುಗಳ ಹಿಂದೆ ಕಂಬಳಿ ಹೆಗಲಿಗೆ ಹಾಕಿದ ಅಜ್ಜನ ಬೆನ್ನು, ಆಚೆಗೆ ಎರಡು ತಲೆಯ ಒಂದು ಗುಡ್ಡ. ಸಂಜೆಗೆ ಊರಿನ ದೀಪಗಳು. ಇಷ್ಟೇ. ಅದೇ ವರ್ಷ ಅಜ್ಜ ತೀರಿಕೊಂಡ. ಅವನದೊಂದು ಫೋಟೋ ಕೂಡ ಇಲ್ಲ.

ಈ ಕಥೆಯನ್ನು ನಾನು ಹೆಂಡತಿಗೆ, ಗೆಳೆಯರಿಗೆ, ರೈಲಿನಲ್ಲಿ ಸಿಕ್ಕವರಿಗೆ ಹೇಳಿಕೊಂಡು ಬಂದಿದ್ದೇನೆ. ಅಕ್ಕನೊಬ್ಬಳು ಎಂದೂ ಒಪ್ಪಿಲ್ಲ. ಈ ಸಲ ಮುದ್ದೆ ಕಟ್ಟುತ್ತಾ ಮತ್ತೆ ಶುರುಮಾಡಿದಳು.

"ಬಸ್ಸಲ್ಲಿ ಬಂದಿದ್ದಲೇ ನೀನು. ಬಸ್ಸಿಂದು ನಂಗೆ ಚೆನ್ನಾಗಿ ನೆನಪೈತೆ."

"ಮತ್ತೆ ಕುರಿ?"

"ಕುರಿ ಹಟ್ಟೀಲಿ ದಿನಾ ನೋಡ್ತಿದ್ದೆ. ಅದನ್ನ ತಂದು ಇದಕ್ಕೆ ಹೊಲ್ಕಂಡಿದೀಯ."

"ಗುಡ್ಡ?"

"ಆ ಕಡೆ ಎರಡು ತಲೆ ಗುಡ್ಡ ಯಾವುದೈತೆ, ತೋರಿಸು ನೋಡಾಣ. ಜಾಸ್ತಿ ಓದ್ದೋರಿಗೆ ಎಲ್ಲಾ ಎರಡೆರಡು ಕಾಣ್ತಾವೇನೋ."

ನಕ್ಕೆ, ಆದರೆ ಅವಳ ಮಾತು ನಾಟಿತು. ನಾನು ಇತಿಹಾಸ ಓದಿದವನು, ಅದನ್ನೇ ಪಾಠ ಮಾಡುವವನು. ಮನುಷ್ಯನ ನೆನಪು ಎಲ್ಲಕ್ಕಿಂತ ದುರ್ಬಲ ಸಾಕ್ಷಿ, ಬೇಕಾದ ಚೂರುಗಳನ್ನು ಎಲ್ಲೆಲ್ಲಿಂದಲೋ ತಂದು ಜೋಡಿಸುತ್ತದೆ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವವನು. ಅಕ್ಕ ಹೇಳಿದ್ದು ನನ್ನದೇ ಪಾಠ. ಅವಳು ಗೆದ್ದರೆ ಆ ನಡಿಗೆ ಹೋಗುತ್ತಿತ್ತು, ಅದರ ಜೊತೆಗೆ ಅಜ್ಜನೂ ಪೂರ್ತಿಯಾಗಿ ಹೋಗುತ್ತಿದ್ದ.

ಆದ್ದರಿಂದ ಪರೀಕ್ಷೆಗೆ ಒಡ್ಡಲು ತೀರ್ಮಾನಿಸಿದೆ. ಹುಡುಕಲು ಹೊರಡುವ ಮೊದಲೇ ಆ ಗುಡ್ಡವನ್ನು ನೆನಪಿದ್ದಂತೆ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಚಿತ್ರಿಸಿ ಅಕ್ಕನ ಕೈಗೆ ಕೊಟ್ಟೆ. ಯಾವುದಾದರೂ ಗುಡ್ಡ ನೋಡಿ ಬಂದ ಮೇಲೆ ಚಿತ್ರವನ್ನು ಅದಕ್ಕೆ ತಕ್ಕಂತೆ ತಿದ್ದುವ ಆಸೆ ನನಗೇ ಬರಬಾರದಲ್ಲ. ಅದು ನಿನ್ನ ಬೀರುವಿನಲ್ಲಿ ಇರಲಿ, ನಾನು ಕೇಳಿದರೂ ಕೊಡಬೇಡ ಎಂದೆ.

"ಕೋರ್ಟಿಗೆ ಹಾಕ್ತೀಯೇನಲೇ ನನ್ನ?" ಎಂದು ಅಕ್ಕ ಅದನ್ನು ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದಳು.

ಮೊದಲ ದಿನ ಬೆಳಗಿನ ಬಸ್ಸಿಗೆ ಮಾಡದಕೆರೆಗೆ ಹೋಗಿ ಟಾರು ರಸ್ತೆ ಹಿಡಿದು ವಾಪಸು ನಡೆದೆ. ದಾರಿಯಲ್ಲಿ ಒಂದು ಗುಡ್ಡವೇನೋ ಇತ್ತು. ಕವುಚಿಟ್ಟ ಮಂಕರಿ ಬುಟ್ಟಿಯ ಹಾಗೆ ಗುಂಡಗೆ, ಒಂದೇ ತಲೆ. ಮೇಲೆ ಸಾಲಾಗಿ ಗಾಳಿಯಂತ್ರಗಳು. ಎಷ್ಟು ಓರೆಯಾಗಿ ನೋಡಿದರೂ ಅದಕ್ಕೆ ಎರಡನೇ ತಲೆ ಹುಟ್ಟಲಿಲ್ಲ.

ಎರಡನೇ ಸಲ ರಸ್ತೆ ಬಿಟ್ಟು ಹೊಲಗಳ ನಡುವೆ ಹೊಕ್ಕೆ. ಹಳೆಯ ಕಾಲುದಾರಿಯ ಗುರುತು ಸಿಗಬಹುದೆಂದು ಮೊಬೈಲಿನ ನಕ್ಷೆಯನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಗೆರೆ ಕಂಡಲ್ಲೆಲ್ಲ ನುಗ್ಗಿದೆ. ಪ್ರತಿ ಗೆರೆಯೂ ಯಾರದೋ ತಂತಿ ಬೇಲಿಗೆ ಬಂದು ನಿಲ್ಲುತ್ತಿತ್ತು. ಕೊನೆಗೆ ಒಂದು ದಾಳಿಂಬೆ ತೋಟದಲ್ಲಿ ಹನಿ ನೀರಿನ ಪೈಪು ಎಡವಿ ನಿಂತಾಗ, ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಫ್ಯಾನ್ ಕಂಪನಿಯೋರೇನ್ರಿ? ಗಾಳಿ ಫ್ಯಾನ್ ಹಾಕಾಕೆ ಜಾಗ ಅಳೀತೀರಾ?"

"ಅಲ್ಲಮ್ಮ. ಹೊಸದುರ್ಗಕ್ಕೆ ಹೋಗೋ ದಾರಿ ಹುಡುಕ್ತಿದೀನಿ."

"ಹೊಸದುರ್ಗಕ್ಕೆ ಬಸ್ ಐತಲ್ಲ!"

"ನಡ್ಕಂಡು ಹೋಗೋ ದಾರಿ."

ನನ್ನ ಬೂಟು ನೋಡಿದಳು, ಟೋಪಿ ನೋಡಿದಳು, ಆಮೇಲೆ ಮುಖ ನೋಡಿ ದನಿ ತಗ್ಗಿಸಿದಳು. "ಮನೇಲಿ ಯಾರೂ ಇಲ್ವೇನ್ರಿ ನಿಮ್ಗೆ?" ಒಂದು ಚೊಂಬು ನೀರು ಕೊಟ್ಟು ರಸ್ತೆಗೆ ದಾರಿ ತೋರಿಸಿದಳು. ಆ ದಿನ ಬಸ್ಸಿನಲ್ಲೇ ಮನೆಗೆ ಬಂದೆ.  

ಮೂರನೇ ಸಲ ಮಾಡದಕೆರೆಯಲ್ಲಿ ಬಸ್ಸಿಳಿದು, ಟಾರು ರಸ್ತೆಯಿಂದ ದೂರವಾಗಿ ನಡೆದಾಗ ಒಂದು ಗೋಕಟ್ಟೆ ಸಿಕ್ಕಿತು. ದನಕರು ಕುಡಿಯಲೆಂದು ಮಳೆನೀರು ನಿಲ್ಲಿಸಿದ ಸಣ್ಣ ಕಟ್ಟೆ. ಬೇಸಿಗೆಯಲ್ಲೂ ತಳದಲ್ಲಿ ನೀರಿತ್ತು. ನೀರಿನ ಸುತ್ತ ಕುರಿಗಳು, ಏರಿಯ ಮೇಲೆ ವಯಸ್ಸಾದ ಗಂಡ ಹೆಂಡತಿ. ಅವರನ್ನು ಕಂಡು ಗೌರವದಿಂದ ಕೇಳಿದೆ.

"ಯಜಮಾನ್ರೆ, ಹಿಂದಿನ ಕಾಲದಲ್ಲಿ ಇಲ್ಲಿಂದ ಹೊಸದುರ್ಗಕ್ಕೆ ಕುರಿ ಹೊಡ್ಕಂಡು ಹೋಗ್ತಿದ್ದ ದಾರಿ ಯಾವುದು?"

ಮುದುಕ ಹೆಂಡತಿಯ ಕಡೆ ನೋಡಿ ನಕ್ಕ. "ಕುರಿಗೆ ದಾರಿ ಎಲ್ಲೈತಪ್ಪ? ಮಂದೆ ಬೇಕು ಅಂತ ಕರೆದೋರ ಹೊಲಾನೇ ದಾರಿ."

ನಾನು ಕುರಿಗಾರನ ಮೊಮ್ಮಗ. ಇದು ನನಗೆ ಹುಟ್ಟಿನಿಂದ ಗೊತ್ತಿರಬೇಕಾದ ಸಂಗತಿ. ಕೊಯ್ಲು ಮುಗಿದು ಬಯಲಾದ ಹೊಲದಲ್ಲಿ ಮಳೆಗೆ ಮುಂಚೆ ಒಂದೆರಡು ರಾತ್ರಿ ಕುರಿ ಮಂದೆಯನ್ನು ಮಲಗಿಸಿದರೆ ಹಿಕ್ಕೆಯೂ ಗಂಜಲವೂ ಬಿದ್ದು ಒಳ್ಳೆಯ ಗೊಬ್ಬರ. ಹೊಲದವರು ಕರೆದು ಮಂದೆ ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಮಂದೆ ಹೀಗೆ ಕರೆಯಿಂದ ಕರೆಗೆ, ಹೊಲದಿಂದ ಹೊಲಕ್ಕೆ ಸಾಗುತ್ತದೆ. ಈ ವರ್ಷ ತುಳಿದ ಜಾಗವನ್ನು ಬರುವ ವರ್ಷ ತುಳಿಯಬೇಕೆಂದಿಲ್ಲ. ಇಲ್ಲದ ಗೆರೆಯನ್ನು ನಾನು ನಕ್ಷೆಯಲ್ಲಿ ಹುಡುಕಿದ್ದೆ.

"ಹೊಲ ಬದಲಾಗ್ತಾವೆ," ಎಂದಳು ಮುದುಕಿ. "ನೀರು ಬದಲಾಗಲ್ಲ. ಗುಡ್ಡದ ಮುಂದ್ಲ ಕಡೆ, ಟಾರು ರೋಡಿನ ಕಡೆ, ಒಂದು ಕಟ್ಟೇನೂ ಇಲ್ಲ. ಇರೋವೆಲ್ಲ ಹಿಂದ್ಲ ಕಡೆಗೇ. ನಮ್ಮಪ್ಪನ ಕಾಲದಾಗೂ ಮಂದೆ ಹಿಂದ್ಲ ಕಡೆಗೇ ಹೋಗೋದು."

"ನಾವೂ ಅತ್ಲಾಗೇ ಹೊಂಟೀವಿ," ಎಂದ ಮುದುಕ. "ಬರ್ರಿ ಮೇಷ್ಟ್ರೆ, ಹೋಗಾಣ."

ನಾನು ಮೇಷ್ಟ್ರೆಂದು ಅವನಿಗೆ ಹೇಗೆ ತಿಳಿಯಿತೋ. ಟೋಪಿಯಿಂದಿರಬೇಕು.

ಕುರಿಗಳ ಜೊತೆ ನಡೆಯುವುದು ನನ್ನಂಥವನಿಗೆ ಶಿಕ್ಷೆ. ಅವು ನಾಲ್ಕು ಹೆಜ್ಜೆ ನಡೆದು ಜಾಲಿ ಕಾಯಿಗೆ ನಿಲ್ಲುತ್ತವೆ. ಕಾಲು ತಡೆಯದೆ ನಾನು ಮುಂದೆ ಮುಂದೆ ಹೋದರೆ ಮುದುಕಿ ಕೂಗುತ್ತಿದ್ದಳು. "ಮುಂದೆ ಹೋಗಬ್ಯಾಡ್ರಿ! ನೀವೇ ದೊಡ್ಡ ಟಗರು ಅಂದ್ಕಂಡು ಎಲ್ಲಾ ನಿಮ್ಮ ಹಿಂದೇನೇ ಬಂದ್ಬಿಡ್ತಾವೆ!" ಹಿಂದೆ ಸರಿದು ಮುದುಕನ ಬೆನ್ನ ಹಿಂದೆ ನಡೆಯತೊಡಗಿದೆ. ಅವನ ಹೆಗಲ ಮೇಲೆ ಕಂಬಳಿ ಇತ್ತು. ಅದನ್ನು ಸಾಕ್ಷಿಯೆಂದು ನಾನು ಎಣಿಸಲಿಲ್ಲ. ಎಲ್ಲ ಕುರಿಗಾರರ ಹೆಗಲ ಮೇಲೂ ಕಂಬಳಿ ಇರುತ್ತದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರಡನೆಯ ಕಟ್ಟೆ ದಾಟಿದೆವು. ಗುಂಡನೆಯ ಗುಡ್ಡ ನಮ್ಮ ಪಕ್ಕದಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಮೊದಲು ನೆತ್ತಿಯಲ್ಲಿ ಒಂದು ತಗ್ಗು ಕಂಡಿತು. ಇನ್ನೊಂದು ಹೊಲ ದಾಟುವಷ್ಟರಲ್ಲಿ ತಗ್ಗು ಆಳವಾಗಿ ಬಿರುಕಾಯಿತು, ಬಿರುಕಿನಲ್ಲಿ ಆಕಾಶ ಕಂಡಿತು. ಮೂರನೆಯ ಕಟ್ಟೆಯ ಏರಿ ಹತ್ತಿದಾಗ ಅಲ್ಲಿ ಒಂದು ಗುಡ್ಡದ ಮೇಲೆ ಎರಡು ತಲೆಗಳಿದ್ದವು.

ನನ್ನನ್ನು ನಾನು ತಡೆದುಕೊಂಡೆ. ನೋಡಬೇಕೆಂದೇ ಬಂದವನಿಗೆ ಏನು ಬೇಕಾದರೂ ಕಾಣುತ್ತದೆ. ಫೋಟೋ ತೆಗೆದು ಅಕ್ಕನಿಗೆ ಕಳಿಸಿ, ಬೀರು ತೆಗೆದು ಚಿತ್ರವನ್ನು ಪಕ್ಕದಲ್ಲಿ ಇಟ್ಟು ನೋಡು ಎಂದು ಬರೆದೆ. ಕುರಿಗಳು ನೀರು ಕುಡಿದು ಮುಗಿಸಿದವು. ನಾನು ಏರಿಯ ಮೇಲೆ ಅತ್ತಿಂದಿತ್ತ ಓಡಾಡಿದೆ. ಕೊನೆಗೂ ಅಕ್ಕನ ಫೋನ್ ಬಂತು. 

"ಚಿಕ್ಕ ತಲೆ ಎಡಕ್ಕೈತೆ," ಎಂದಳು.

"ಚಿತ್ರದಾಗೋ, ಫೋಟೋದಾಗೋ?"

"ಎರಡರಾಗೂ."

ನಾನು ಕೂಗಿದ್ದು ಏನೆಂದು ನನಗೆ ನೆನಪಿಲ್ಲ. ಕುರಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. "ಏನಪ್ಪ ಮೇಷ್ಟ್ರೇ, ಚೇಳು ಕಡೀತೇನ್ರಿ?" ಎನ್ನುತ್ತಾ ಮುದುಕ ಕೋಲು ಎತ್ತಿಕೊಂಡು ಅವುಗಳ ಹಿಂದೆ ಓಡಿದ. ನಾನೂ ಓಡಿದೆ. ಮಂದೆಯನ್ನು ಒಟ್ಟು ಮಾಡುವಷ್ಟರಲ್ಲಿ ಮೈಯೆಲ್ಲ ಜಾಲಿ ಮುಳ್ಳು ಗೀರಿತ್ತು. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ರಸ್ತೆಯ ಕಡೆಯಿಂದ ಯಾವ ಬಸ್ಸಿನ ಕಿಟಕಿಗೂ ಕಾಣದ ತಲೆಯನ್ನು ನಾನು ಆರೋ ಏಳೋ ವರ್ಷದವನಾಗಿ ನೋಡಿದ್ದೆ. ಇಲ್ಲಿ ನಡೆದಿದ್ದೆ. ಅಜ್ಜ ಇದ್ದ.

ಬುತ್ತಿ ಬಿಚ್ಚಿ ಕೂತಾಗ ಇಬ್ಬರಿಗೂ ಕಥೆ ಪೂರ್ತಿ ಹೇಳಿದೆ. ಬೆಳಿಗ್ಗೆ ಹೊರಟೆವು, ಸಂಜೆ ಊರ ದೀಪ ಕಂಡಿತು ಎಂದಾಗ ಮುದುಕಿ ರೊಟ್ಟಿ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಒಂದೇ ದಿನಕ್ಕಾ? ಮಂದೆ ಜತೆಗಾ?"

"ಹೌದು."

"ಆಗಾಕಿಲ್ಲ ಬಿಡ್ರಿ. ಕುರಿ ಮೇಯಬ್ಯಾಡ್ವಾ? ಎರಡು ದಿನ ಬೇಕೇ ಬೇಕು. ನಡುವೆ ಯಾರ್ದೋ ಹೊಲದಾಗೆ ಮಲಗಿರ್ತೀರಿ."

ಅರ್ಧ ಗಂಟೆಯ ಹಿಂದೆ ಗೆದ್ದ ನೆನಪು ಮತ್ತೆ ಅಲುಗಾಡಿತು. ಎರಡು ದಿನವಾದರೆ ಒಂದು ದಿನ ಎಲ್ಲಿ ಹೋಯಿತು? ಅವರಿಗೆ ಕೈಮುಗಿದು, ಮಂದೆಯನ್ನು ಅದರ ನಿಧಾನಕ್ಕೆ ಬಿಟ್ಟು, ಕಟ್ಟೆಗಳ ಸಾಲು ಹಿಡಿದು ಬಿರುಸಾಗಿ ನಡೆದೆ. ತೆಂಗಿನ ತೋಟಗಳು, ಇಟ್ಟಿಗೆ ಭಟ್ಟಿ, ಹೊಸ ಬಡಾವಣೆಯ ನೆಟ್ಟ ಕಲ್ಲುಗಳು. ಊರಿನೊಳಕ್ಕೆ ನಾನು ಹೊಕ್ಕದ್ದು ಯಾವ ಬಸ್ಸೂ ಬರದ ಒಂದು ಓಣಿಯಿಂದ. ಬೀದಿ ದೀಪಗಳು ಆಗಷ್ಟೇ ಹತ್ತಿಕೊಂಡಿದ್ದವು.

ಅಕ್ಕ ಬಿಸಿನೀರಿಗೆ ಉಪ್ಪು ಹಾಕಿ ನನ್ನ ಕಾಲನ್ನು ಬಕೆಟ್ಟಿನಲ್ಲಿ ಇಡಿಸಿದಳು. ಎರಡು ದಿನದ ಮಾತು ಹೇಳಿದೆ. ಅವಳು ಟವೆಲ್ ಹಿಡಿದು ನನ್ನ ಎದುರಿಗೆ ಕೂತಳು.

"ಅದಕ್ಕೇ," ಎಂದಳು.

"ಏನು ಅದಕ್ಕೇ?"

"ಮಗೀನ ಬಸ್ಸಿಗೆ ಕರ್ಕಂಡು ಬರ್ತೀನಿ ಅಂತ ಅಜ್ಜ ಹೇಳಿ ಕಳಿಸಿದ್ನಂತೆ. ಅವ್ವ ನನ್ನ ಕರ್ಕಂಡು ಸಾಯಂಕಾಲ ಬಸ್‌ಸ್ಟ್ಯಾಂಡಿಗೆ ಹೋದ್ಲು. ಕೊನೇ ಬಸ್ ತಂಕ ನಿಂತಿದ್ವಿ ಕಣೋ. ಒಂದೊಂದು ಬಸ್ ಬಂದಾಗ್ಲೂ ನಾನು ಬಾಗಿಲ ಹತ್ರ ಓಡೋದು. ಅವತ್ತು ನೀವು ಬರ್ಲಿಲ್ಲ. ಮಾರನೇ ಸಂಜೆ ಬಂದ್ರಿ." ಟವೆಲ್ ಮಡಿಸುತ್ತಾ, "ಬಸ್ಸು ಮಾತ್ರ ನಂಗೆ ಉಳ್ಕಂಡೈತೆ ನೋಡು," ಎಂದಳು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವಳು ಬಸ್ಸುಗಳನ್ನು ಕಾಯುತ್ತಿದ್ದ ಆ ಸಂಜೆ ನಾನು ಎರಡು ತಲೆಯ ಗುಡ್ಡದ ಹಿಂದೆ ಯಾರದೋ ಹೊಲದಲ್ಲಿ ಅಜ್ಜನ ಕಂಬಳಿಯೊಳಗೆ ಮಲಗಲು ಸಿದ್ಧನಾಗುತ್ತಿದ್ದಿರಬೇಕು. ಅದರ ಒಂದು ಚೂರೂ ನನಗೆ ನೆನಪಿಲ್ಲ. ಆದರೂ ಬೆಳಿಗ್ಗೆ ಒಂದೇ ದಿನದ ಅಜ್ಜನನ್ನು ಹುಡುಕಿ ಹೊರಟವನಿಗೆ ಸಂಜೆಗೆ ಎರಡು ದಿನದ ಅಜ್ಜ ಸಿಕ್ಕಿದ್ದ. ನೀರು ತಣ್ಣಗಾಗುವವರೆಗೂ ನಾನು ಕಾಲು ಅಲ್ಲಾಡಿಸದೆ ಕೂತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ಮುಳ್ಳು ಗೀರಿದ ನನ್ನ ತೋಳು ನೋಡಿ ಏನಾಯಿತೆಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

"ನಮ್ಮ ತಮ್ಮ ಏನಂದ್ಕಂಡಿದೀರಿ? ಸ್ಕೂಲಿಗೆ ಸೇರೋಕೆ ಮುಂಚೇನೇ ಮಾಡದಕೆರೆಯಿಂದ ಇಲ್ಲಿಗೆ ಕುರಿ ಜತೆ ನಡ್ಕಂಡು ಬಂದೋನು. ಎರಡು ದಿನ! ನಾನು ಅವಾಗಿಂದ್ಲೂ ಹೇಳ್ತಾನೇ ಇದೀನಿ, ಯಾರೂ ನಂಬಾದೇ ಇಲ್ಲ."

ನಾನು ಸಾಕ್ಷಿ ಕೇಳಲಿಲ್ಲ.