ಮೂರನೆಯ ಗುಡ್ಡದ ಬುಡದಲ್ಲಿ ಹನ್ನೆರಡು ನಿಮಿಷ

ನಿಂತವರನ್ನು ಕಂಡರೆ ‘ಕೂತ್ಕೊಳ್ಳಿ’ ಎನ್ನದೆ ಇರುವುದು ನನ್ನಿಂದ ಆಗುವುದಿಲ್ಲ. ಇದನ್ನು ಸೌಜನ್ಯ ಎಂದು ತಿಳಿಯಬೇಡಿ. ಇದೊಂದು ಬಗೆಯ ಬಿಕ್ಕಳಿಕೆ, ತಡೆಯುವಷ್ಟರಲ್ಲಿ ಹೊರಗೆ ಬಂದಿರುತ್ತದೆ. ಕರೆಂಟು ಮೀಟರು ಓದಲು ಬಂದವನಿಗೆ ಹೇಳಿದ್ದೇನೆ. ಬಸ್ಸಿಗೆ ಕಾಯುತ್ತ ನಿಂತಿದ್ದೇನೆ ಎಂದು ಫೋನಿನಲ್ಲಿ ಹೇಳಿದ ತಂಗಿಗೂ ಹೇಳಿದ್ದೇನೆ. ಸೋಗಾನೆಯ ವಿಮಾನ ನಿಲ್ದಾಣದಲ್ಲಿ ನನ್ನ ಮೈ ತಡಕಿ ಪರೀಕ್ಷಿಸುತ್ತಿದ್ದ ಪೊಲೀಸಿನವನಿಗೆ ಒಮ್ಮೆ ಹೇಳಿದೆ. ಅವನು ಇನ್ನೊಂದು ಸಲ ತಡಕಿದ.

ಈ ಚಟದಿಂದ ಯಾರಿಗೂ ಕೇಡಾಗಿರಲಿಲ್ಲ, ಹೋದ ಚಳಿಗಾಲದ ಒಂದು ಭಾನುವಾರದವರೆಗೆ.  ಅಂದು ನಡೆದದ್ದನ್ನು ನಿಧಾನವಾಗಿ, ಕಂಡಷ್ಟೇ ಹೇಳುತ್ತೇನೆ.

ಅಂದು ಎಪ್ಪತ್ತೈದು ಕಿಲೋಮೀಟರಿನ ಓಟ. ಬೆಳಗಿನ ನಾಲ್ಕಕ್ಕೆ ಭದ್ರಾವತಿಯ ಒಂದು ಶಾಲೆಯ ಮೈದಾನದಿಂದ ಹೊರಟು, ಮೂರು ಗುಡ್ಡ ಹತ್ತಿ ಇಳಿದು, ಕೊನೆಯ ಹನ್ನೆರಡು ಕಿಲೋಮೀಟರು ನಾಲೆಯ ಏರಿಯ ಮೇಲೆ ಓಡಿ, ಸಂಜೆ ಆರರೊಳಗೆ ಅದೇ ಮೈದಾನಕ್ಕೆ ಮರಳಬೇಕು. ಹೊರಟಲ್ಲಿಗೇ ಬರುವುದಾದರೆ ಹೊರಡುವುದು ಏಕೆ ಎಂದು ನಾನು ಕೇಳುವವನಿದ್ದೆ. ಆದರೆ ಓಟದ ಸಂಘಟಕರಾದ ಪ್ರಶಾಂತ್ ನನ್ನ ಹಲ್ಲಿನ ಡಾಕ್ಟರು. ಅವರು ಇದನ್ನೆಲ್ಲ ವಿವರಿಸುವಾಗ ನನ್ನ ಬಾಯಿ ತೆರೆದಿತ್ತು, ಅದರೊಳಗೆ ಅವರ ಕೈಯಿತ್ತು. ಮೂರನೆಯ ಗುಡ್ಡದ ಬುಡದ ಚೆಕ್‌ಪೋಸ್ಟಿನಲ್ಲಿ ಓಟಗಾರರ ಟೈಮು ಬರೆದುಕೊಳ್ಳಲು ನೀವೇ ಆಗಬೇಕು ಎಂದರು. ನಾನು ‘ಆ’ ಎಂದೆ. ಆ ಸ್ಥಿತಿಯಲ್ಲಿ ಮನುಷ್ಯ ಬೇರೆ ಏನನ್ನೂ ಹೇಳಲಾರ.

ಅವರು ನನ್ನನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ನಾನು ಮೂವತ್ತೊಂದು ವರ್ಷ ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತವನು. ಬೆಳಿಗ್ಗೆ ಸೈರನ್ ನಿಂತ ಮೇಲೆ ಗೇಟಿನೊಳಗೆ ಕಾಲಿಟ್ಟವರ ಕಾರ್ಡಿಗೆ ಕೆಂಪು ಗುರುತು ಹಾಕುವುದು ನನ್ನ ಕೆಲಸ. ಒಂದು ನಿಮಿಷ ತಡವಾದರೂ ತಡವೇ. ಒಮ್ಮೆ ನನ್ನ ಸ್ವಂತ ಭಾವನಿಗೆ ಹಾಕಿದೆ, ಅವನು ಎರಡು ಯುಗಾದಿ ನಮ್ಮ ಮನೆಗೆ ಬರಲಿಲ್ಲ. ತಮಿಳಿನವರು, ತೆಲುಗಿನವರು, ನಮ್ಮವರು ಎಲ್ಲರೂ ಅವರವರ ಭಾಷೆಯಲ್ಲಿ ನನ್ನನ್ನು ಬೈಯುತ್ತಿದ್ದರು. ಹಾಗಾಗಿ ಮೂರು ಭಾಷೆಯೂ ನನಗೆ ಅಷ್ಟಷ್ಟು ಬರುತ್ತದೆ. ನೀವು ಗಮನಿಸಬೇಕಾದದ್ದು ಇಷ್ಟು: ಕಾರ್ಖಾನೆಗೆ ಮುಖ್ಯವಾದದ್ದು ಒಳಗೆ ಬಂದ ಹೊತ್ತು. ಸೈರನ್ನಿನೊಳಗೆ ಬಂದುಬಿಟ್ಟರೆ ಆಯಿತು, ಆಮೇಲೆ ಕಾರ್ಮಿಕ ನಿಧಾನವಾಗಿ ಬುತ್ತಿ ಇಟ್ಟು, ಚಹಾ ಕುಡಿದು, ದೇವರ ಪಟಕ್ಕೆ ಕೈಮುಗಿದು ಯಂತ್ರದ ಬಳಿ ಹೋಗುತ್ತಿದ್ದ. ಬಂದವನು ಬಂದಂತೆಯೇ.

ಡಾಕ್ಟರು ನಿಯಮಗಳ ಹಾಳೆ ಕೊಟ್ಟಿದ್ದರು. ಮಧ್ಯಾಹ್ನ ಒಂದು ಗಂಟೆ ನಮ್ಮ ಚೆಕ್‌ಪೋಸ್ಟಿನ ಗಡುವು ಎಂಬಲ್ಲಿಯವರೆಗೆ ಓದಿ ಮಡಚಿಟ್ಟೆ. ಮೂವತ್ತೊಂದು ವರ್ಷ ಮಾಡಿದ ಕೆಲಸದ ನಿಯಮವನ್ನು ಯಾರಾದರೂ ಪೂರ್ತಿ ಓದುತ್ತಾರೆಯೇ?

ಚೆಕ್‌ಪೋಸ್ಟ್ ಎಂದರೆ ಒಂದು ಬಸ್ ಶೆಲ್ಟರು. ಅದರಲ್ಲಿ ಒಂದು ಮೇಜು, ನೀರಿನ ಕ್ಯಾನು, ಬಾಳೆಹಣ್ಣು, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ. ಇದನ್ನು ನೋಡಿ ನನ್ನ ಹೆಂಡತಿ ಪಾರ್ವತಿಗೆ ತಡೆಯಲಿಲ್ಲ. ಬೆಳಗಿನಿಂದ ಬೆಟ್ಟ ಹತ್ತಿ ಬರುವವರಿಗೆ ಆಲೂಗಡ್ಡೆಯೇ ಎಂದು ಒಂದು ಡಬರಿ ಮೊಸರನ್ನ ತಂದಿದ್ದಳು. ಅವಳ ತಪ್ಪೂ ಅಲ್ಲ. ಶಿವರಾತ್ರಿಗೆ ಮೊದಲು ನಮ್ಮ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಅವರೂ ಗುಡ್ಡ ಹತ್ತುತ್ತಾರೆ, ಅವರ ಕಾಲಲ್ಲೂ ಬೊಬ್ಬೆ ಏಳುತ್ತದೆ. ದಾರಿಯಲ್ಲಿ ಎದುರಾದವರೆಲ್ಲ ಅವರನ್ನು ಕೂರಿಸಿ, ಬಡಿಸಿ, ಕಾಲಿಗೆ ಎಣ್ಣೆ ಕೊಟ್ಟು ಕಳಿಸುತ್ತಾರೆ. ದೂರ ನಡೆಯುವವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ನಮಗೆ ಗೊತ್ತಿದ್ದದ್ದು ಅದೊಂದೇ ಮಾದರಿ. ದೇವರು ಗಡುವು ಇಟ್ಟದ್ದನ್ನು ನಾವು ಕೇಳಿರಲಿಲ್ಲ.

ಬಸ್ಸಿಗೆಂದು ಬಂದ ಒಬ್ಬ ಮುದುಕರು ಬಹಳ ಹೊತ್ತು ಓಟಗಾರರನ್ನು ನೋಡಿದರು. ಇವರೆಲ್ಲ ಎಲ್ಲಿಗೆ ಎಂದು ಕೇಳಿದರು. ಭದ್ರಾವತಿಗೆ ಎಂದೆ. ಒಂದೂವರೆಗೆ ಬಸ್ಸಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲವೇ ಎಂದು ಅವರು ನಿಜವಾಗಿಯೂ ಮರುಗಿದರು.

ನಾನು ಕಾಯುತ್ತಿದ್ದದ್ದು ಶಕೀಲಾ ಬಾನು ಅವರಿಗಾಗಿ. ನಲವತ್ತೊಂಬತ್ತು ವರ್ಷದ ಈಕೆ ಭದ್ರಾವತಿಯಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾರೆ. ಸ್ಕೂಟರ್ ಕಲಿಸುವುದೆಂದರೆ ಹಿಂದಿನ ಹಿಡಿಕೆ ಹಿಡಿದು, ಬೀಳದಂತೆ ಜೊತೆಗೇ ಓಡುವುದು. ಇಪ್ಪತ್ತು ವರ್ಷ ಹಾಗೆ ಓಡಿದ ಮೇಲೆ ಒಂದು ದಿನ ಅವರಿಗೆ, ಮುಂದೆ ಸ್ಕೂಟರು ಇಲ್ಲದಿದ್ದರೂ ತಾನು ಓಡಬಲ್ಲೆ ಎಂದು ಹೊಳೆಯಿತಂತೆ. ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಪಾರ್ವತಿಗೆ ಕಲಿಸಿದವರೂ ಅವರೇ. ಪಾರ್ವತಿ ಕಲಿಯಲು ಮೂರು ತಿಂಗಳು ತೆಗೆದುಕೊಂಡಳು. ಅಂದರೆ ಶಕೀಲಾ ಅವರ ಕಾಲಿನ ಬಲದಲ್ಲಿ ನಮ್ಮ ಮನೆಯ ಪಾಲೂ ಇದೆ.

ಈ ಓಟ ಅವರಿಗೆ ಮೂರನೆಯದು. ಮೊದಲ ವರ್ಷ ಎರಡನೆಯ ಗುಡ್ಡದಲ್ಲಿ ಮಂಡಿ ಕೈಕೊಟ್ಟಿತು. ಮರುವರ್ಷ ಇದೇ ಬಸ್ ಶೆಲ್ಟರಿಗೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಇದೊಂದು ಓಡು, ಆಮೇಲೆ ಗುಡ್ಡದ ಆಸೆ ಬಿಡು ಎಂದು ಮೂಳೆ ಡಾಕ್ಟರು ಹೇಳಿದ್ದರು. ಒಂದು ಸಲವಾದರೂ ಪೂರ್ತಿ ಮುಗಿಸಬೇಕು ಎಂಬುದಷ್ಟೇ ಅವರ ಹಟ.

ಹನ್ನೆರಡು ಐವತ್ತೆರಡಕ್ಕೆ ಅವರು ತಿರುವಿನಲ್ಲಿ ಕಂಡರು. ಕಾಲು ಎಳೆಯುತ್ತಿತ್ತು, ಮುಖದಲ್ಲಿ ನಗುವಿತ್ತು. ನಾನು ಟೈಮು ಬರೆದೆ, ಕೆಳಗೆ ಗೆರೆ ಎಳೆದೆ. ನನಗೆ ಅವರಿಗಿಂತ ಹೆಚ್ಚು ಸಂತೋಷವಾಗಿತ್ತು. ಆ ಸಂತೋಷದಲ್ಲಿ ಬಿಕ್ಕಳಿಕೆ ಬಂತು.

“ಕೂತ್ಕೊಳ್ಳಿ.”

“ಕೂತ್ರೆ ಪರವಾಗಿಲ್ವಾ ಸಾರ್?”

“ಬಂದಾಯ್ತಲ್ಲ. ಟೈಮು ಬಿತ್ತು. ಇನ್ನೇನು?”

ಐವತ್ತಮೂರು ಕಿಲೋಮೀಟರು ಓಡಿ ಬಂದವರ ತಲೆಯಲ್ಲಿ ನಿಯಮ ಉಳಿದಿರುವುದಿಲ್ಲ. ಅಲ್ಲದೆ ನನ್ನ ತಲೆಯ ಮೇಲೆ ಸಂಘಟಕರ ಟೋಪಿಯಿತ್ತು. ಟೋಪಿ ಹಾಕಿದವನ ಮಾತನ್ನು ಅವರು ನಂಬಿದರು, ಕೂತರು, ಒಂದು ಶೂ ಬಿಚ್ಚಿದರು. ಪಾರ್ವತಿ ಮೊಸರನ್ನ ಬಡಿಸಿದಳು. ಇನ್ನೊಂದು ಸಲ ಬಡಿಸಿದಳು. ಬಸ್ಸಿನ ಮುದುಕರು ಉಪ್ಪಿನಕಾಯಿ ಇಲ್ಲವೇ ಎಂದು ವಿಚಾರಿಸಿದರು. ನಾನು ಗೇಟಿನಲ್ಲಿ ಎಷ್ಟೋ ವರ್ಷ ಸಿಗದ ಒಳ್ಳೆಯತನವನ್ನು ಅನುಭವಿಸುತ್ತ ನಿಂತಿದ್ದೆ.

ಒಂದು ಗಂಟೆ ಮೂರು ನಿಮಿಷಕ್ಕೆ ಡಾಕ್ಟರು ಬೈಕಿನಲ್ಲಿ ಬಂದರು. ನನ್ನ ಹಾಳೆ ನೋಡಿದರು, ಮೊಸರನ್ನ ನೋಡಿದರು.

“ಸಾರ್, ಒಂದರೊಳಗೆ ಇಲ್ಲಿಗೆ ಬಂದ್ರೆ ಆಗಲ್ಲ. ಇಲ್ಲಿಂದ ಹೊರಟಿರ್ಬೇಕು.”

ನಾನು ಜೇಬಿನಿಂದ ನಿಯಮದ ಹಾಳೆ ತೆಗೆದು ಬಿಚ್ಚಿದೆ. ಮಡಿಕೆಯ ಕೆಳಗಿನ ಮೊದಲ ಸಾಲಿನಲ್ಲೇ ಅದು ಇತ್ತು. 

ಡಾಕ್ಟರು ಒಳ್ಳೆಯವರು. ಹೊರಟ ಹೊತ್ತಿನ ಕಾಲಂ ಇನ್ನೂ ಖಾಲಿ ಇತ್ತು. ನೀವು ಏನು ಬರೆಯುತ್ತೀರೋ ಅದನ್ನು ನಾನು ಒಪ್ಪುತ್ತೇನೆ ಎಂದು ಹೇಳಿ, ಪಕ್ಕಕ್ಕೆ ತಿರುಗಿ ಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪಾರ್ವತಿ ನನ್ನ ಕಿವಿಯ ಬಳಿ ಬಂದಳು.

“ರೀ, ಹನ್ನೆರಡು ಐವತ್ತೆಂಟು ಅಂತ ಬರೀರಿ. ನನ್ನ ಮೊಸರನ್ನಕ್ಕೆ ಆರು ನಿಮಿಷ ಹಿಡೀರಿ, ಸಾಕು.”

ಪೆನ್ನು ಹಾಳೆಯ ಮೇಲಿಟ್ಟೆ. ಬರೆಯಬೇಕೆಂದೇ ಇದ್ದೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಭಾವನಿಗೆ ಕೆಂಪು ಗುರುತು ಹಾಕಿದ ಕೈ ಅದು. ಶಕೀಲಾ ಅವರು ಶೂ ಹಾಕಿಕೊಂಡು ಎದ್ದು, ನನ್ನ ಕೈಯನ್ನೇ ನೋಡುತ್ತಿದ್ದರು. ಗಡಿಯಾರ ನೋಡಿ ಒಂದು ಗಂಟೆ ನಾಲ್ಕು ನಿಮಿಷ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು, ಟೈಮು ಸರಿಯಾಗಿತ್ತು.

ಅವರು ಎದೆಯ ಮೇಲಿನ ನಂಬರಿನ ಬಟ್ಟೆ ಬಿಚ್ಚಿ ಡಾಕ್ಟರ ಕೈಗಿಟ್ಟರು.

“ಈಗ ನಾನು ನಿಮ್ಮ ಓಟದಲ್ಲಿಲ್ಲ, ಅಲ್ವಾ ಡಾಕ್ಟ್ರೇ?”

ಇಲ್ಲ ಎಂದರು ಡಾಕ್ಟರು.

“ಹಂಗಾದ್ರೆ ಈ ಗುಡ್ಡಕ್ಕೆ ಗಡುವೂ ಇಲ್ಲ. ಬರ್ತೀನಿ ಅಕ್ಕಾ, ಮೊಸರನ್ನ ಚೆನ್ನಾಗಿತ್ತು.”

ಹೇಳಿ ಗುಡ್ಡ ಹತ್ತಿಯೇಬಿಟ್ಟರು. ನನ್ನನ್ನು ಒಂದು ಮಾತು ಬೈದಿದ್ದರೆ ನನಗೆ ಅಭ್ಯಾಸವಿತ್ತು. ಬೈಯಲಿಲ್ಲ.

ಪಾರ್ವತಿ ಡಬರಿಯ ಮುಚ್ಚಳ ಹಾಕಿ, ಸ್ಕೂಟರಿನ ಕೀಲಿ ತೆಗೆದುಕೊಂಡು, ಎದ್ದೇಳಿ ಎಂದಳು. ನಾನು ಹಿಂದೆ ಕೂತೆ. ಗುಡ್ಡದ ಕಾಲುದಾರಿ ನಾಲೆಯ ಏರಿಗೆ ಇಳಿಯುವ ಕಡೆ ಹೋಗಿ ಕಾದೆವು. ಮೂರೂವರೆ ಆಗಿ ಆರು ನಿಮಿಷಕ್ಕೆ ಶಕೀಲಾ ಇಳಿದು ಬಂದರು. ನಮ್ಮನ್ನು ಕಂಡು ನಿಲ್ಲಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ತುಟಿಯ ಮೇಲೆ ಕೈಯಿಟ್ಟುಕೊಂಡಿದ್ದೆ.

ಅಲ್ಲಿಂದ ಹನ್ನೆರಡು ಕಿಲೋಮೀಟರು ನಮ್ಮ ಮೆರವಣಿಗೆ ಹೀಗಿತ್ತು: ಮುಂದೆ ಶಕೀಲಾ ಬಾನು, ಹಿಂದೆ ಸ್ಕೂಟರಿನಲ್ಲಿ ಪಾರ್ವತಿ, ಅವಳ ಹಿಂದೆ ಡಬರಿ ಹಿಡಿದ ನಾನು. ಓಟಗಾರ್ತಿಯ ವೇಗದಲ್ಲಿ ಸ್ಕೂಟರು ಬಿಡುವುದು ಸುಲಭವಲ್ಲ. ಎರಡು ಸಲ ನಾವು ನಾಲೆಯ ನೀರನ್ನು ಬಹಳ ಹತ್ತಿರದಿಂದ ನೋಡಿದೆವು. ಶಕೀಲಾ ಅವರ ತಲೆ ಬಾಗಿದಾಗಲೆಲ್ಲ ಪಾರ್ವತಿ ಹಿಂದಿನಿಂದ ಕೂಗುತ್ತಿದ್ದಳು.

“ಮುಂದೆ ನೋಡು ಶಕೀಲಾ, ಕಾಲು ನೋಡ್ಬೇಡ. ಬೀಳಲ್ಲ ನೀನು, ನಾನು ಹಿಂದೆ ಇದೀನಿ.”

ಈ ಮಾತನ್ನು ನಾನು ಕೇಳಿದ್ದೆ. ಕ್ವಾರ್ಟರ್ಸಿನ ಮೈದಾನದಲ್ಲಿ ಮೂರು ತಿಂಗಳು, ದಿನಾ ಸಂಜೆ, ಇದೇ ಮಾತು. ಕೂಗುತ್ತಿದ್ದವರು ಶಕೀಲಾ, ಬೀಳುತ್ತಿದ್ದವಳು ಪಾರ್ವತಿ. ಮುಂದಿದ್ದವರಿಗೂ ಅದು ನೆನಪಾಗಿರಬೇಕು. ಓಡುತ್ತಲೇ ಅವರ ಬೆನ್ನು ನಗುವಿನಿಂದ ಕುಲುಕಿದ್ದನ್ನು ನಾನು ನೋಡಿದೆ.

ಓಟದಲ್ಲಿ ಉಳಿದಿದ್ದವರೆಲ್ಲ ಆಗಲೇ ಬಂದಾಗಿತ್ತು, ಮೈದಾನದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಶಕೀಲಾ ಓಟ ಮುಗಿಯುವ ಕಮಾನಿನಡಿ ದಾಟಿದಾಗ ಐದು ಗಂಟೆ ನಲವತ್ತೊಂದು ನಿಮಿಷ. ಪದಕ ಕೊಡುವ ಹಾಗಿರಲಿಲ್ಲ, ಡಾಕ್ಟರು ನಿಂತು ಚಪ್ಪಾಳೆ ತಟ್ಟಿದರು. ನಾನು ನನ್ನ ಸ್ವಂತ ಪಾಕೆಟ್ ಡೈರಿಯಲ್ಲಿ ಹೆಸರು, ದೂರ, ಬಂದ ಹೊತ್ತು ಬರೆದು, ಸಹಿ ಹಾಕಿ, ಹಾಳೆ ಹರಿದು ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು.

“ಟೈಮು ಸರಿ ಇದೆಯಾ ಸಾರ್?”

“ಸರಿ ಇದೆ.”

“ಗೊತ್ತು. ನೀವು ಸುಳ್ಳು ಬರೆಯಲ್ಲ. ಅದಕ್ಕೇ ಇಟ್ಕೊಳ್ತೀನಿ.” ಆಮೇಲೆ ಸುತ್ತ ನೋಡಿದರು. “ಈಗ ಹೇಳಿ.”

“ಏನು?”

“ಅದೇ, ಮಧ್ಯಾಹ್ನ ಹೇಳಿದ್ದು.”

 ಕೂತ್ಕೊಳ್ಳಿ ಎಂದೆ. ಆದರೆ ಕುರ್ಚಿಗಳೆಲ್ಲ ಆಗಲೇ ಟೆಂಪೋ ಹತ್ತಿದ್ದವು. ಇದ್ದದ್ದು ಸ್ಕೂಟರಿನ ಹಿಂದಿನ ಸೀಟೊಂದೇ. ಅವರು ಅದರಲ್ಲಿ ಕೂತರು, ಪಾರ್ವತಿ ಮನೆಗೆ ಬಿಟ್ಟುಬರಲು ಹೋದಳು, ಡಬರಿ ನನ್ನ ಕೈಯಲ್ಲಿ ಉಳಿಯಿತು.

ರವೀಂದ್ರನಗರದ ನಮ್ಮ ಮನೆಗೆ ಹೋಗಲು ನಾನು ಶಿವಮೊಗ್ಗದ ಬಸ್ಸು ಹತ್ತಿದೆ. ತುಂಬಿತ್ತು, ಕಂಬಿ ಹಿಡಿದು ನಿಂತೆ. ಯಾರೋ ಪುಣ್ಯಾತ್ಮರು ನನ್ನನ್ನೂ ಡಬರಿಯನ್ನೂ ನೋಡಿ, ಎದ್ದು ಜಾಗ ಬಿಟ್ಟು, ಕೂತ್ಕೊಳ್ಳಿ ಎಂದರು.

ನಾನು ಮೊದಲು ಗಡಿಯಾರ ನೋಡಿದೆ.