ರಾಕ್ಷಸರಾಜನಿಗೆ ವಿಭೂತಿ

ಗೆಳೆಯರೇ, ಸಂಶಿಯ ನನ್ನ ಮನೆಯಲ್ಲಿ ಇಂದು ಒಂದು ಮಹಾಯುದ್ಧ ನಾನಿಲ್ಲದ ಹೊತ್ತಿನಲ್ಲಿ ಮುಗಿದುಹೋಯಿತು. ದಿನವೂ ರಾತ್ರಿ ರೇಡಿಯೋ ವಾರ್ತೆ ಮುಗಿದೊಡನೆ ಗೆಳೆಯ ಬಸಪ್ಪನೂ ನಾನೂ, ಅವನ ತಂದೆ ಪುಣೆಯಿಂದ ತಂದ ಚಪ್ಪಟೆ ತವರದ ಹಳೆಯ ಬೊಂಬೆಗಳನ್ನು ಹಲಗೆಯ ಮೇಲೆ ನಿಲ್ಲಿಸಿ, ಕವಡೆ ಎಸೆದು, ದೇವದಾನವರ ಕಾಳಗ ಆಡುತ್ತಿದ್ದುದನ್ನು ನೀವು ಬಲ್ಲಿರಿ. ಕಡೆಯ ಆಟದಲ್ಲಿ ಅವನ ರಾಕ್ಷಸರಾಜ ನನ್ನ ಸೇನೆಯ ನಡುವೆ ಸಿಲುಕಿದ್ದ. "ನಾಳೆ ನನ್ನ ಪಾಳಿ, ಮುಟ್ಟಬ್ಯಾಡಲೇ" ಎಂದು ಎದ್ದುಹೋದ ಬಸಪ್ಪ ಬೆಳಗಾಗುವಷ್ಟರಲ್ಲಿ ಲಿಂಗೈಕ್ಯನಾದ. ಅಂದಿನಿಂದ ನಾನು ಹಲಗೆಯನ್ನು ಮುಟ್ಟಿರಲಿಲ್ಲ.

ಇಂದು ನಾನು ಮಠದಿಂದ ಮರಳುವಷ್ಟರಲ್ಲಿ, ಮಜ್ಜಿಗೆ ಕೊಡಲು ಬಂದಿದ್ದ ನೆರೆಮನೆಯ ಗಂಗವ್ವ ಬೊಂಬೆಗಳನ್ನೆಲ್ಲ ತೊಳೆದು, ದೇವರ ಜಗಲಿಯ ತಗಡಿನ ಮೂರ್ತಿಗಳಂತೆ ಸಾಲಾಗಿ ನಿಲ್ಲಿಸಿ, ವಿಭೂತಿ ಹಚ್ಚಿದ್ದಳು.

"ದೇವರ್ನ ಹಿಂಗ ಧೂಳದಾಗ ಇಡತಾರೇನ್ರಿ, ಅಜ್ಜಾರ?"

"ನಡುವಿನವ ರಾಕ್ಷಸ ಇದ್ದಾನವ್ವಾ!"

"ಇದ್ರ ಇರ್ಲಿ ಬಿಡ್ರಿ. ಇಬತ್ತಿ ಹಚ್ಚಿದಮ್ಯಾಲ ಅವನೂ ದೇವ್ರ."

ಯಾವ ಬೊಂಬೆ ಎಲ್ಲಿ ನಿಂತಿತ್ತೆಂಬುದು ನನಗೆ ಕಂಠಪಾಠವಾಗಿದೆ, ಮರಳಿ ಹೂಡಬಹುದಿತ್ತು. ಆದರೆ ವಿಭೂತಿ ಧರಿಸಿದವನ ಮೇಲೆ ಆಯುಧ ಎತ್ತುವುದು ಹೇಗೆ? ಬಸಪ್ಪನೇ ಗೆದ್ದ. ಸೋತೆನೆಂದು ಒಪ್ಪಿಕೊಳ್ಳಲು ನಾನು ಸಿದ್ಧನಿದ್ದೇನೆ. ಕೇಳಿ ನಗಲು ಮಾತ್ರ ಅವನಿಲ್ಲ.